ಕಂಬಳಿಯ ಕೆಳಗಿನ ಬಿಳಿ ಪಂಚೆ

ಕೈಲಾಂಚದ ಪುಟ್ಟಲಕ್ಷ್ಮಮ್ಮನ ಮನೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಇದೆ. ಅದನ್ನು ನೋಡಬೇಕೆಂದರೆ ಹಿತ್ತಲಿಗೆ ಹೋಗಬೇಕು. ಕೋಳಿ ಮುಚ್ಚುವ ಮಂಕರಿ ಗಾಳಿಗೆ ಮಗುಚದಿರಲಿ ಅಂತ ಮೇಲೆ ಭಾರ ಇಟ್ಟಿದ್ದಾರಲ್ಲ, ಹಿಡಿ ಮುರಿದು, ಬೆನ್ನು ನಜ್ಜುಗುಜ್ಜಾಗಿ, ತುಕ್ಕು ತಿಂದು ಕೂತಿರುವ ಕಬ್ಬಿಣದ ಮುದ್ದೆ, ಅದೇ ಅದು. ಬಟ್ಟೆಯ ಹತ್ತಿರ ಅದು ಸುಳಿದು ಎಷ್ಟೋ ಕಾಲವಾಯಿತು. ಹಾಗಂತ ಆ ಮನೆಯಿಂದ ಸುಕ್ಕು ಬಟ್ಟೆ ಹಾಕಿಕೊಂಡು ಯಾರಾದರೂ ಬೀದಿಗೆ ಬಂದದ್ದನ್ನು ಊರು ನೋಡಿಲ್ಲ. ರಾಮನಗರದ ಅಂಗಡಿಯಲ್ಲಿ ಕೆಂಡದ ಪೆಟ್ಟಿಗೆ ಎಳೆಯುವವರೂ ಆಕೆಯ ಮನೆಯ ಪಂಚೆಯ ಮಡಿಕೆ ನೋಡಿ, ಇದನ್ನು ಇಸ್ತ್ರಿಗೆ ಎಲ್ಲಿ ಕೊಟ್ಟಿರಿ ಅಂತ ಕೇಳಿದ್ದುಂಟು.

ಪೆಟ್ಟಿಗೆ ಕೋಳಿ ಮಂಕರಿಯ ಮೇಲೆ ಹೋಗಿ ಕೂತ ಕಥೆಯಿಂದಲೇ ಶುರು ಮಾಡಬೇಕು.

ಪುಟ್ಟಲಕ್ಷ್ಮಮ್ಮ ಕುರಿ ಸಾಕುವವರ ಮನೆಯ ಮಗಳು. ಗುಡ್ಡದ ಆಚೆ ಮಗ್ಗುಲ ಹಟ್ಟಿಯಲ್ಲಿ ಹುಟ್ಟಿ, ಈಚೆ ಮಗ್ಗುಲಿಗೆ ಸೊಸೆಯಾಗಿ ಬಂದವಳು. ಗಂಡ ಸ್ವಾಮಿಗೆ ಹಿಪ್ಪುನೇರಳೆ ತೋಟ ಇತ್ತು, ಆದರೆ ತೋಟದ ಮಣ್ಣು ಅವನ ಕಾಲಿಗೆ ಹತ್ತುತ್ತಿರಲಿಲ್ಲ. ಜಮೀನು ಕೊಡಿಸುವ, ಸೈಟು ತೋರಿಸುವ ದಲ್ಲಾಳಿ ಕೆಲಸ ಹಿಡಿದಿದ್ದ. ಆ ಕೆಲಸಕ್ಕೆ ಬಂಡವಾಳ ಅಂದರೆ ಬಿಳಿ ಶರಟು, ಬಿಳಿ ಪ್ಯಾಂಟು, ದೊಡ್ಡವರ ಮುಂದೆ ಹೋಗುವಾಗ ಬಿಳಿ ಪಂಚೆ. ಕೆಸರುಗದ್ದೆಯ ಬದುವಿನ ಮೇಲೆ ನಿಂತರೂ ಶರಟಿನ ತೋಳಿನ ಗೆರೆ ಕತ್ತಿಯಂತೆ ನಿಂತಿರಬೇಕು. ಗೆರೆ ಮುರಿದರೆ ಅವನ ಮುಖ ಮುರಿಯುತ್ತಿತ್ತು.

ಮದುವೆಯಾದ ವರ್ಷವೇ ರಾಮನಗರದಿಂದ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದ. ಹುಡುಗಿ ಅಂಥದ್ದನ್ನು ಮುಟ್ಟಿದವಳಲ್ಲ. ಒಂದು ಬೆಳಿಗ್ಗೆ ಹೊಸ ಶರಟಿನ ಕಾಲರಿಗೆ ಪೆಟ್ಟಿಗೆ ಹಿಡಿದು ಬಿಸಿ ಜಾಸ್ತಿಯಾಗಿ ಕಂದು ಕಲೆ ಕೂತಿತು. ಸ್ವಾಮಿ ಶರಟನ್ನು ಬೆಳಕಿಗೆ ಹಿಡಿದು ನೋಡಿದ. ಬೈಯಲಿಲ್ಲ.

"ತೋಳು ನೀಡು" ಅಂದ.

ನೀಡಿದಳು. ಬಳೆ ತಂದಿರಬೇಕು ಅಂದುಕೊಂಡಿದ್ದಳು.

ಹೊರಗೆ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಅತ್ತೆ ಮಾರಮ್ಮನಿಗೆ ಮೊದಲು ಮೂಗಿಗೆ ತಿಳಿಯಿತು, ಆಮೇಲೆ ಕಿವಿಗೆ. ಚರ್ಮ ಸುಟ್ಟ ವಾಸನೆಯನ್ನು ಕುರಿ ಸಾಕಿದವರು ತಪ್ಪು ತಿಳಿಯುವುದಿಲ್ಲ. ಒಳಗೆ ಬಂದವಳು ಮಗನ ಕೈಯಿಂದ ಪೆಟ್ಟಿಗೆ ಕಸಿದು, ಗೋಡೆಯಿಂದ ವೈರು ಕಿತ್ತು, ಅಂಗಳದ ಒರಳಿನ ಮೇಲಿಟ್ಟು ಒನಕೆಯಲ್ಲಿ ಕುಟ್ಟಿದಳು. ರಾಗಿ ಕುಟ್ಟಿದ ಹಾಗೆ, ಉಸಿರು ಹಿಡಿದು, ಬಿಟ್ಟು, ಹಿಡಿದು, ಬಿಟ್ಟು. ಹಿಡಿ ಹಾರಿತು, ಬೆನ್ನು ಸೀಳಿತು. ಅಷ್ಟಕ್ಕೆ ಅವಳ ಸಿಟ್ಟು ಮುಗಿಯಲಿಲ್ಲ. ತಿರುಗಿ ಅದೇ ಒನಕೆಯನ್ನು ಮಗನ ಮೊಣಕಾಲಿಗೆ ಬೀಸಿದಳು. ಸ್ವಾಮಿ ಅಲ್ಲೇ ಕುಸಿದ. ಅವತ್ತಿನಿಂದ ಅವನ ಎಡಗಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ.

"ಈ ಮನೆ ಒಳಕ್ಕೆ ಇನ್ನೊಂದ್ ಇಸ್ತ್ರಿ ಪೆಟ್ಗೆ ಬಂದ್ರೆ ನಿನ್ ತಲೆ ಒರಳಿಗೆ ಮಡುಗ್ತೀನಿ ಕಣ್ಲಾ" ಅಂದಳು ಮಾರಮ್ಮ. ಸೊಸೆಯ ತೋಳಿಗೆ ಲೋಳೆಸರದ ತಿರುಳು ಹಚ್ಚುತ್ತ ಹಚ್ಚುತ್ತ, "ಅಳ್ಬ್ಯಾಡ ಕಣಮ್ಮಿ. ಇವ್ನ್ ಬಟ್ಟೆ ನೆಟ್ಟಗಾಗಕ್ಕೆ ಬೆಂಕಿ ಯಾಕೆ ಬೇಕು? ನಾನ್ ತೋರುಸ್ತೀನಿ ಬಾ" ಅಂದಳು.

ತೋಳಿನ ಮೇಲೆ ದೋಣಿಯ ಮೂತಿಯಂಥ ಗುರುತು ನಿಂತುಬಿಟ್ಟಿತು.

ಮಾರಮ್ಮ ಕಲಿಸಿದ್ದು ಕುರಿಯವರ ಮನೆಯ ವಿದ್ಯೆ. ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಬಿಗಿಯುತ್ತಾರೆ. ಅದನ್ನೇ ಬಟ್ಟೆಗೆ ಇಳಿಸಿದ್ದಳು ಅವಳು. ಬಿಳಿ ಬಟ್ಟೆಗೆ ಹುಣಸೆ ಬೀಜ ಆಗದು, ಬಣ್ಣ ಕೂರುತ್ತದೆ. ಅದಕ್ಕೆ ಅನ್ನ ಬಸಿದ ಗಂಜಿ, ತೆಳ್ಳಗೆ, ಬೆರಳಿಗೆ ಅಂಟಿಯೂ ಅಂಟದ ಹಾಗೆ, ಅದರಲ್ಲೊಂದು ಹನಿ ನೀಲಿ. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಸುಕ್ಕು ಎಳೆಯ ಒಳಗೇ ಕೂರುತ್ತದೆ. ನೀರು ತಾನಾಗಿ ಇಳಿಯಲಿ ಅಂತ ನೆರಳಲ್ಲಿ ತೂಗು ಹಾಕಬೇಕು. ಪೂರ್ತಿ ಒಣಗುವುದಕ್ಕೆ ಬಿಡದೆ, ಕೆನ್ನೆಗೆ ಮುಟ್ಟಿಸಿದರೆ ತಣ್ಣಗೆ ಅನ್ನಿಸುವಾಗ ಇಳಿಸಬೇಕು. ಆಮೇಲೆ ಇಬ್ಬರು ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು, ಮುಷ್ಟಿ ಬಿಗಿ ಹಿಡಿದು ಹಿಂದಕ್ಕೆ ಬಾಗಿ 'ಹೂಂ' ಅಂದು ಒಂದೇ ಸಲ ಜಗ್ಗಬೇಕು. ಪಟ್ ಅಂತ ಸದ್ದು ಬಂದರೆ ಸುಕ್ಕು ಬಿಟ್ಟಿತು ಅಂತ ಲೆಕ್ಕ. ಒಬ್ಬರು ಮುಂಚೆ ಕೈಬಿಟ್ಟರೆ ಇನ್ನೊಬ್ಬರು ಅಂಗಾತ ಬೀಳುವುದೇ. ಜಗ್ಗಿದ ಬಟ್ಟೆಯನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ಮಡಿಸಿ, ಹಲಗೆ ಮಂಚದ ಮೇಲೆ ಹಾಸಿ, ಮೇಲೆ ಮಾರಮ್ಮನ ಕರಿಕಂಬಳಿ, ಅದರ ಮೇಲೆ ಹಾಸಿಗೆ. ಒಬ್ಬ ಮನುಷ್ಯ ರಾತ್ರಿಯೆಲ್ಲ ಮಲಗಿ ಎದ್ದರೆ ಆಯಿತು. ಕಂಬಳಿಯ ಭಾರ, ಮೈಯ ಬಿಸಿ, ಎರಡೂ ಸೇರಿ ಇಸ್ತ್ರಿಯ ಕೆಲಸ ಮಾಡುತ್ತಿದ್ದವು.

ಮಲಗುತ್ತಿದ್ದವನು ಸ್ವಾಮಿಯೇ. ಅಷ್ಟು ವರ್ಷವೂ ತನ್ನ ಬಟ್ಟೆಯ ಸುಕ್ಕನ್ನು ತಾನೇ ಮಲಗಿ ಬಿಡಿಸುತ್ತಿದ್ದ, ಅದು ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಗಳದ ಮೇಲೆ ಗರಿಗರಿ ಬಟ್ಟೆ ಇರುತ್ತಿತ್ತು. ಎಲ್ಲಿಂದ ಬಂತು, ಯಾರು ಮಾಡಿದರು, ಹೇಗೆ ಮಾಡಿದರು ಅಂತ ಒಂದು ದಿನವೂ ಕೇಳಿದವನಲ್ಲ. ಹೆಂಡತಿಯೂ ಹೇಳಲು ಹೋಗಲಿಲ್ಲ. ಹೊಡೆತ ತಿಂದ ದಿನ ಹಾಸಿಗೆ ಹಾಸುವಾಗ, ನಿನ್ನ ಶರಟಿನ ಮೇಲೆ ನೀನೇ ಬಿದ್ದುಕೋ ಅಂತ ಮನಸ್ಸಿನಲ್ಲೇ ನಗುತ್ತಿದ್ದಳು. ಅದೊಂದೇ ಅವಳ ಸುಖ.

ಹೊಡೆತ ನಿಂತಿತು ಅಂದುಕೊಳ್ಳಬೇಡಿ. ಮಾರಮ್ಮ ಇರುವತನಕ ಒನಕೆಯ ಹೆದರಿಕೆ ಇತ್ತು. ಅವಳು ಕಣ್ಣು ಮುಚ್ಚಿದ ಮೇಲೆ ಬೆಲ್ಟು, ಚಪ್ಪಲಿ, ಹುಳುವಿನ ತಟ್ಟೆಯ ಬಿದಿರು, ಕೈಗೆ ಸಿಕ್ಕಿದ್ದೆಲ್ಲ ಬಂತು. ಮಗಳು ಅನು ದೊಡ್ಡವಳಾಗಿ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದ ಮೇಲೆ ಅವಳು ಮನೆಯಲ್ಲಿರುವ ಹೊತ್ತಿನಲ್ಲಿ ಒಸಿ ಕಮ್ಮಿಯಾಯಿತು. ಅನು ಕೆಲಸ ಮಾಡುವುದು ಇಸ್ತ್ರಿ ವಿಭಾಗದಲ್ಲಿ. ದಿನವಿಡೀ ಹಬೆ ಉಗುಳುವ ಪೆಟ್ಟಿಗೆ ಹಿಡಿದು ಊರೂರಿನ ಶರಟು ಉಜ್ಜುತ್ತಾಳೆ. ಸಂಜೆ ಬಸ್ಸಿಳಿದು ಬಂದರೆ ಅವ್ವನ ಸೀರೆಯ ತುದಿ ಕಾದಿರುತ್ತದೆ.

"ಅಲ್ಲ ಕಣವ್ವ, ಅಲ್ಲಿ ಗುಂಡಿ ಒತ್ತುದ್ರೆ ಸುಕ್ಕು ಓಡೋಯ್ತದೆ. ಇಲ್ಲಿ ನಿನ್ ಜೊತೆ ದಿನಾ ಕುಸ್ತಿ."

"ಕುಸ್ತಿ ಆಡು, ಮೈ ಗಟ್ಟಿಯಾಯ್ತದೆ. ಬಿಗಿಯಾಗ್ ಇಡ್ಕ. ಹೂಂ."

ಪಟ್.

ಪುಟ್ಟಲಕ್ಷ್ಮಮ್ಮನಿಗೆ ತವರು ಅಂತ ಉಳಿದಿದ್ದವನು ತಮ್ಮ ಬೀರಯ್ಯ ಒಬ್ಬನೇ. ತಾಯಿ ಸತ್ತಾಗ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಕುರಿ ಹೊಡೆದುಕೊಂಡು ಗುಡ್ಡದ ಈಚೆ ಬಂದಾಗ ಅಕ್ಕನ ಕೈಯ ಮುದ್ದೆ ಉಂಡು ಹೋಗುತ್ತಿದ್ದ. ಒಳ್ಳೆಯವನು, ಆದರೆ ಸಿಟ್ಟು ಬಂದರೆ ಅವನ ಕಿವಿ ಕೆಲಸ ಮಾಡುತ್ತಿರಲಿಲ್ಲ. ಸ್ವಾಮಿಗೂ ಅವನಿಗೂ ಮೊದಲಿಂದ ಆಗದು. ಅಕ್ಕನ ತೋಳಿನ ಗುರುತು ಕಂಡಾಗಲೆಲ್ಲ ಬೀರಯ್ಯ ಭಾವನ ಕುಂಟು ಕಾಲನ್ನು ನೋಡಿ, ಆ ಇನ್ನೊಂದು ಕಾಲು ಯಾಕೆ ಉಳಿಯಿತು ಅನ್ನುತ್ತಿದ್ದ.

ಈ ಸಲದ ಬೇಸಿಗೆಗೆ ಮುಂಚೆ ನಡೆದದ್ದು ಹೀಗೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿಬಿಡುವ ಹೊತ್ತು. ಆ ವಾರ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ. ಬೀರಯ್ಯನ ಕುರಿಗಳು ಬೇಲಿ ಹಾರಿ ತೋಟದ ಒಂದು ಮಗ್ಗುಲನ್ನು ಬೋಳಿಸಿಬಿಟ್ಟವು. ಸ್ವಾಮಿ ಬೈಯಲಿಲ್ಲ, ಕುರಿ ಕಟ್ಟಲಿಲ್ಲ. ಬೇಲಿಯ ಪಕ್ಕದ ನೀರಿನ ತೊಟ್ಟಿಗೆ ಗಿಡಕ್ಕೆ ಹೊಡೆಯುವ ಔಷಧಿ ಸುರಿದು ಬಂದ. ಮಾರನೆಯ ದಿನ ಬಿಸಿಲಿಗೆ ಬಾಯಾರಿ ಬಂದ ಕುರಿಗಳು ಕುಡಿದವು. ಹತ್ತು ಹೆಜ್ಜೆ ನಡೆಯಲಿಲ್ಲ, ಕಾಲು ಮಡಚಿ ಬಿದ್ದವು. ಬಾಯಲ್ಲಿ ಹಸಿರು ನೊರೆ. ಮರಿಗಳು ಬಿದ್ದ ತಾಯಿಯ ಕೆಚ್ಚಲಿಗೆ ಬಾಯಿಟ್ಟು ಅಲ್ಲೇ ಒದ್ದಾಡಿದವು. ಬೀರಯ್ಯ ಒಂದೊಂದರ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಗಂಟಲಿಗೆ ಬೆರಳು ಹಾಕಿ ಕಕ್ಕಿಸಲು ನೋಡಿದ. ಒಂದೂ ಬದುಕಲಿಲ್ಲ.

ಅವನು ಅಲ್ಲಿಂದ ನೇರ ಅಕ್ಕನ ಮನೆಗೆ ಬಂದ. ಸ್ವಾಮಿ ಇರಲಿಲ್ಲ. ಹುಳುಮನೆಯ ಬಾಗಿಲು ಒದ್ದು, ತಟ್ಟೆಗಳನ್ನು ಒಂದೊಂದಾಗಿ ಎಳೆದು ಬೀದಿಗೆ ಎಸೆದು ತುಳಿದ. ಬೆರಳು ಗಾತ್ರದ ಹುಳುಗಳು ಅವನ ಚಪ್ಪಲಿಯ ಕೆಳಗೆ ಹಸಿರಾಗಿ ಒಡೆದವು. ರಾತ್ರಿ ಹಗಲು ಸೊಪ್ಪು ಹಾಕಿ ಸಾಕಿದ್ದವಳು ಅಕ್ಕ ಅನ್ನುವುದು ಅವನ ತಲೆಗೆ ಬರಲಿಲ್ಲ. ಪುಟ್ಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ಸಾಕು ಬುಡ್ಲಾ ಬೀರ, ಅವು ಏನ್ ಮಾಡಿದ್ವು" ಅಂದಳು. ಕೇಳಿಸಲಿಲ್ಲ. ಹಾಗೇ ಟೀ ಅಂಗಡಿಯ ಮುಂದೆ ಹೋಗಿ, ಯಾರಿಗೋ ಸೈಟಿನ ನಕ್ಷೆ ತೋರಿಸುತ್ತಿದ್ದ ಸ್ವಾಮಿಯ ಕಾಲರು ಹಿಡಿದು, ಬಾಯಿಗೊಂದು ಗುದ್ದು ಕೊಟ್ಟ. ಹಲ್ಲು ಮುರಿಯಿತು. ಕುರಿಯ ನೊರೆ, ಹುಳುವಿನ ಹಸಿರು ಎಲ್ಲ ಮೆತ್ತಿದ್ದ ಎರಡೂ ಕೈಯನ್ನು ಅವನ ಬಿಳಿ ಶರಟಿನ ಎದೆಗೆ ಸಾವಕಾಶವಾಗಿ ಒರೆಸಿದ.

"ಒಗುಸ್ಕೊಂಡು ಆಕ್ಕೊ ಭಾವ. ನಮ್ಮಕ್ಕ ಚೆನ್ನಾಗ್ ಒಗೀತಾಳೆ" ಅಂದ.

ಅಂಗಡಿಯಲ್ಲಿದ್ದವರು ನಕ್ಕರು. ಅದೇ ಕೆಟ್ಟದ್ದಾಯಿತು.

ಸ್ವಾಮಿ ಮನೆಗೆ ಬಂದವನು ಹೆಂಡತಿಯನ್ನು ಹೊಡೆಯಲಿಲ್ಲ. ಶರಟು ಬಿಚ್ಚಿ ಅವಳ ಕೈಗೆ ಕೊಟ್ಟು, ಬಾಯಲ್ಲಿದ್ದ ರಕ್ತ ಉಗಿದು, ಸುಮ್ಮನೆ ಕೂತ. ಪುಟ್ಟಲಕ್ಷ್ಮಮ್ಮನಿಗೆ ಹೊಡೆತದ ದಿನಗಳಿಗಿಂತ ಆ ದಿನ ಹೆಚ್ಚು ಚಳಿಯಾಯಿತು.

ಊರ ಹಿರಿಯ ಬೋರಲಿಂಗಯ್ಯ ಇಬ್ಬರಿಗೂ ಹೇಳಿ ಕಳಿಸಿದ. ಭಾನುವಾರ ಬೆಳಿಗ್ಗೆ ಅಶ್ವತ್ಥಕಟ್ಟೆಯ ಮೇಲೆ ಕೂತು ಮಾತಾಡಿ ಮುಗಿಸಿಕೊಳ್ಳಿ, ಭಾವ ಮೈದುನ ಅಂದ ಮೇಲೆ ಸ್ಟೇಷನ್ನು ಯಾಕೆ ಅಂತ. ಬೀರಯ್ಯ ಗೊಣಗಿಕೊಂಡು ಒಪ್ಪಿದ. ಸ್ವಾಮಿ ಗೊಣಗದೇ ಒಪ್ಪಿದ.

"ಪಂಚೆ, ಶರಟು ಮಾಡಿಡು. ಒಂದ್ ಸುಕ್ಕೂ ಇರ್ಬಾರ್ದು" ಅಂದ ಹೆಂಡತಿಗೆ.

ಅವಳಿಗೆ ಎದೆ ಹಗುರಾಯಿತು. ನ್ಯಾಯಕ್ಕೆ ಒಪ್ಪಿದವನು ನ್ಯಾಯಕ್ಕೆ ತಕ್ಕ ಬಟ್ಟೆ ಕೇಳುತ್ತಿದ್ದಾನೆ ಅಂದುಕೊಂಡಳು. ಶನಿವಾರ ಒಗೆಯುವಾಗ ಅವಳ ಕೈಯಲ್ಲಿ ಹಬ್ಬದ ಹುರುಪಿತ್ತು. ಮೊದಲು ಆ ಹಸಿರು ಕಲೆಯ ಶರಟನ್ನು ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿ ಬಿಳಿ ಮಾಡಿದಳು. ಪಂಚೆಗೆ ಗಂಜಿ ಇನ್ನೊಂದು ಹದ ಮಂದ ಮಾಡಿದಳು. ಮಗಳ ಜೊತೆ ಜಗ್ಗಿ, ತಟ್ಟಿ, ಮಡಿಸಿ, ಕಂಬಳಿಯ ಕೆಳಗೆ ಹಾಸಿದಳು. ತಾನು ಒಗೆದ ತನ್ನ ಸೀರೆಗಳನ್ನೂ ಗಂಜಿಗೆ ಅದ್ದಿ ಬೆಳಗಿಗೆ ಜಗ್ಗೋಣ ಅಂತ ಹಂಡೆಯಲ್ಲೇ ಬಿಟ್ಟಳು.

ಭಾನುವಾರ ಬೆಳಗಾಯಿತು. ಸ್ವಾಮಿ ಎದ್ದು ಅಂಗಳದ ಕಂಬಕ್ಕೆ ಕನ್ನಡಿ ಸಿಕ್ಕಿಸಿ ಗಡ್ಡ ಕೆರೆದುಕೊಳ್ಳುತ್ತಿದ್ದ. ಪುಟ್ಟಲಕ್ಷ್ಮಮ್ಮ ಹಾಸಿಗೆ ಸುತ್ತಿ, ಕಂಬಳಿ ಎತ್ತಿ, ಪಂಚೆ ತೆಗೆದಳು.

ಪಂಚೆಯ ಮೇಲೆ ಒಂದು ಮಚ್ಚು ಇತ್ತು.

ಕಬ್ಬಿಣದ್ದಲ್ಲ. ತುಕ್ಕಿನದು. ಹಿಡಿಯಿಂದ ಮೂತಿಯತನಕ, ಮೂತಿಯ ಬಾಗು ಸಹ ಒಂದಿಷ್ಟೂ ತಪ್ಪದ ಹಾಗೆ, ಕೆಂಚಗೆ ಅಚ್ಚಾಗಿತ್ತು. ಮಡಿಕೆ ಬಿಚ್ಚಿದಳು. ಕೆಳಗಿನ ಮಡಿಕೆಯಲ್ಲಿ ಇನ್ನೊಂದು ಮಚ್ಚು, ಒಸಿ ತೆಳುವಾಗಿ. ಅದರ ಕೆಳಗೆ ಮತ್ತೊಂದು. ಬಿಚ್ಚಿದಷ್ಟೂ ಸಾಲಾಗಿ ಮಚ್ಚುಗಳು, ಕೊನೆಯದು ಹೊಗೆಯಂತೆ. ಸ್ವಾಮಿ ಮಚ್ಚನ್ನು ಹೊಸದಾಗಿ ಮಸೆದು, ಎಣ್ಣೆ ಸವರದೆ, ನೀರು ಆರುವ ಮುಂಚೆ ಕತ್ತಲಲ್ಲಿ ತಂದು ಅಲ್ಲಿ ತುರುಕಿದ್ದ. ಕೈಗೆ ಸಿಗಲಿ ಅಂತ ಕಂಬಳಿಯ ಕೆಳಗೇ ಇಟ್ಟು, ಅದರ ಮೇಲೇ ಮಲಗಿದ್ದ. ಅಲ್ಲಿ ಹಸಿ ಪಂಚೆ ಇರುತ್ತದೆ ಅನ್ನುವುದು ಆ ಮನೆಯ ಕೋಳಿಗೂ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಹಲಗೆಯ ಮೇಲೆಲ್ಲ ಕೈಯಾಡಿಸಿದಳು. ಮಚ್ಚು ಇರಲಿಲ್ಲ. ಎದ್ದವನೇ ಎತ್ತಿಕೊಂಡು ಹೋಗಿದ್ದ.

ಅನು ಬಾಗಿಲಲ್ಲಿ ನಿಂತಿದ್ದಳು. ತಾಯಿ ಪಂಚೆಯನ್ನು ಅಷ್ಟಗಲ ಹರಡಿ ತೋರಿಸಿದಳು. ಮಗಳಿಗೆ ವಿವರಿಸಿ ಹೇಳಬೇಕಾಗಲಿಲ್ಲ.

"ಮಾವನ್ಗೆ ಫೋನ್ ಮಾಡು. ಕಟ್ಟೆ ತಾವ್ಕೆ ಬರಬ್ಯಾಡ, ಗುಡ್ಡದ್ ಕಡೆ ಓಗು ಅನ್ನು. ಆಮೇಲೆ ಪೊಲೀಸ್ನೋರ್ಗೆ ಮಾಡು."

"ಅವ್ವ, ನೀನು?"

"ನಿಮ್ಮಪ್ಪ ಬಿಳಿ ಬಟ್ಟೆ ಇಲ್ದೆ ಬೀದಿಗೋಗಲ್ಲ. ನಾನು ಬಟ್ಟೆ ನೋಡ್ಕತೀನಿ."

ಟ್ರಂಕು ತೆಗೆದಳು. ವರ್ಷಗಳ ಗಂಜಿ ಕುಡಿದು ಹಾಳೆಯಂತೆ ನಿಂತಿದ್ದ ಬಿಳಿ ಶರಟು, ಬಿಳಿ ಪ್ಯಾಂಟು, ಶಲ್ಯ, ಎಲ್ಲವನ್ನೂ ಎರಡು ತೆಕ್ಕೆಯಲ್ಲಿ ಬಾಚಿ ಹಿತ್ತಲಿಗೆ ಹೋಗಿ ಹಂಡೆಯ ಗಂಜಿನೀರಿಗೆ ತುಂಬಿ, ಎರಡೂ ಕೈಯಲ್ಲಿ ಒಳಕ್ಕೆ ಅದುಮಿದಳು. ಗುಳುಗುಳು ಅಂತ ಗಾಳಿ ಬಿಟ್ಟವು. ಬೀರನ ಜೀವ ಇನ್ನೊಂದು ಗಳಿಗೆ ಉಳಿಯಿತು ಅಂದುಕೊಂಡಳು.

"ಲೇ, ಪಂಚೆ ಎಲ್ಲಿ?"

ಸ್ವಾಮಿ ಅರ್ಧ ಕೆನ್ನೆಯಲ್ಲಿ ಸೋಪು ಇಟ್ಟುಕೊಂಡೇ ಹಿತ್ತಲ ಬಾಗಿಲಿಗೆ ಬಂದಿದ್ದ. ಬನಿಯನ್ನು, ಪಟ್ಟೆ ಚಡ್ಡಿ. ಹಂಡೆ ನೋಡಿದ. ತನ್ನ ಬಟ್ಟೆಗಳು ಸತ್ತ ಕುರಿಗಳ ಹಾಗೆ ತೇಲುತ್ತಿದ್ದವು.

"ಏನಿದು?"

"ಕೊಳೆಯಾಗಿದ್ವು. ನೆನೆ ಹಾಕ್ದೆ."

"ನಾನ್ ಕೇಳಿದ್ದು ಪಂಚೆ."

"ಪಂಚೆ ಮ್ಯಾಲೆ ನಿಮ್ ಮಚ್ಚು ಅಚ್ಚಾಗೈತೆ. ಅದುನ್ ಉಟ್ಕಂಡು ನ್ಯಾಯಕ್ಕೆ ಓದ್ರೆ ಜನ ಏನಂತಾರೆ?"

ಸ್ವಾಮಿಗೆ ಅರ್ಥವಾಯಿತು. ಆ ಮೇಲೆ ಮಂಕರಿಯ ಮೇಲಿದ್ದ ಇಸ್ತ್ರಿ ಪೆಟ್ಟಿಗೆ ಅವನ ಕೈಗೆ ಬಂತು. ಕೋಳಿಗಳು ಮಂಕರಿ ಮಗುಚಿ ಚೀರಿಕೊಂಡು ಓಡಿದವು. ಮೊದಲ ಏಟನ್ನು ಅವಳು ಕೈ ಅಡ್ಡ ಹಿಡಿದು ತಡೆದಳು. ಮಣಿಕಟ್ಟಿನ ಮೂಳೆ ಲಟಕ್ ಅಂದದ್ದು ಅವಳಿಗೇ ಕೇಳಿಸಿತು. ಎರಡನೆಯದು ಭುಜಕ್ಕೆ ಬಿತ್ತು. ಮೂರನೆಯದು ಹಣೆಯನ್ನು ಸವರಿಕೊಂಡು ಹೋಗಿ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿದು ಅಂಗಳ ಕೆಂಪಾಗಿ ಕಂಡಿತು. ಅವಳು ಹಂಡೆಯ ಕಂಠ ಹಿಡಿದು ಬೀಳದೆ ನಿಂತಳು.

"ಬಟ್ಟೆ ಇಲ್ದಿದ್ರೆ ಬನೀನಲ್ಲೇ ಓಯ್ತೀನಿ. ನಿನ್ ತಮ್ಮನ್ ರಕ್ತ ಕಾಣಕ್ಕೆ ಬಿಳಿ ಬನೀನೂ ಆಯ್ತದೆ" ಅಂದ ಸ್ವಾಮಿ.

ಕುಂಟುತ್ತ ಅಂಗಳಕ್ಕೆ ಓಡಿ, ಬೈಕಿಗೆ ಕಟ್ಟಿದ್ದ ಗೋಣಿ ಎಳೆದು ಬಿಚ್ಚಿದ. ಮಚ್ಚು ಹೊರಗೆ ಬಂತು.

ಪುಟ್ಟಲಕ್ಷ್ಮಮ್ಮನಿಗೆ ಆಗ ಯಾವ ಯೋಚನೆಯೂ ಬರಲಿಲ್ಲ, ಕೈಗೆ ಅಭ್ಯಾಸ ಬಂತು. ಒಳ್ಳೆಯ ಕೈಯಲ್ಲಿ ಹಂಡೆಯಿಂದ ತನ್ನ ಹತ್ತಿ ಸೀರೆಯ ತುದಿ ಎಳೆದುಕೊಂಡಳು. ಗಂಜಿ ಕುಡಿದು ಹಸಿಯಾದ ಸೀರೆ ಹಗ್ಗಕ್ಕಿಂತ ಭಾರ. ಅಂಗಳಕ್ಕೆ ಎಳೆದುಕೊಂಡು ಬಂದು, ಇನ್ನೊಂದು ತುದಿಯನ್ನು ಮಗಳ ಕಡೆ ಎಸೆದಳು.

"ಇಡ್ಕಳಮ್ಮಿ ಸೆರಗ."

ಅನು ಫೋನು ಜಗುಲಿಯ ಮೇಲೆ ಬಿಸಾಡಿ ಹಿಡಿದಳು. ಸ್ವಾಮಿ ಬೈಕು ತಿರುಗಿಸುತ್ತಿದ್ದ, ಅವರಿಬ್ಬರ ಮಧ್ಯೆ ನಿಂತಿದ್ದ. ಸೀರೆ ಅವನ ಎದೆಗೆ ಬಿಗಿಯಿತು. ತಾಯಿ ಈ ಕಡೆಯಿಂದ, ಮಗಳು ಆ ಕಡೆಯಿಂದ ಒಂದು ಸುತ್ತು ಬಂದರು. ಸ್ವಾಮಿ ಮಚ್ಚು ಬೀಸಿದ. ಸೀರೆಯ ಅಂಚು ಸೀಳಿತು, ಮಚ್ಚಿನ ಮೂತಿ ಅನುವಿನ ಮುಂಗೈ ಗೀರಿತು. ಅನು ಕೈ ಬಿಡಲಿಲ್ಲ.

"ಹೂಂ" ಅಂದಳು ತಾಯಿ.

ಇಬ್ಬರೂ ಹಿಂದಕ್ಕೆ ಬಾಗಿ ಒಂದೇ ಸಲ ಜಗ್ಗಿದರು. ಇಷ್ಟು ವರ್ಷ ಜಗ್ಗಿದ್ದು ಬಟ್ಟೆಯನ್ನು, ಈಗ ಅದರೊಳಗೆ ಒಬ್ಬ ಮನುಷ್ಯನಿದ್ದ. ಸ್ವಾಮಿಯ ತೋಳುಗಳು ಪಕ್ಕೆಗೆ ಅಂಟಿದವು, ಉಸಿರು ಹೊರಗೆ ಹೋಯಿತು. ಕುಂಟು ಕಾಲು ಊರಲಿಲ್ಲ. ಬೈಕಿನ ಸಮೇತ ಉರುಳಿದ. ಮಚ್ಚು ಕಲ್ಲಿಗೆ ಬಡಿದು ಜಾರಿತು, ಅನು ಅದನ್ನು ಒದ್ದು ಚರಂಡಿಗೆ ತಳ್ಳಿದಳು. ಇನ್ನೆರಡು ಸುತ್ತು ಸುತ್ತಿ ಬಿಗಿದರು. ಅವನು ಬಾಯಿಗೆ ಸಿಕ್ಕಿದ ಹೆಂಡತಿಯ ಪಾದವನ್ನು ಕಚ್ಚಿದ. ಅವಳು ಬಿಡಿಸಿಕೊಳ್ಳುವ ಗೋಜಿಗೆ ಹೋಗದೆ, "ಕಂಬ್ಳಿ ತತ್ತಾ" ಅಂದಳು.

ಮಾರಮ್ಮನ ಕರಿಕಂಬಳಿ ಬಂತು. ಸ್ವಾಮಿಯ ಮೇಲೆ ಹಾಸಿ, ಮುಖದ ಕಡೆ ಉಸಿರಿಗೆ ಒಸಿ ಮಡಿಸಿ, ಬೆನ್ನಿನ ಮೇಲೆ ಪುಟ್ಟಲಕ್ಷ್ಮಮ್ಮ ಕೂತಳು. ದಪ್ಪ ಹೆಂಗಸು. ಕೂತಳೆಂದರೆ ಕೂತಳು.

"ಏಳೇ ಮುಂಡೆ. ಏಳು. ಎದ್ಮೇಲೆ ನಿನ್ನೂ ಕಡೀತೀನಿ, ನಿನ್ ಮಗಳ್ನೂ ಕಡೀತೀನಿ."

"ಒಂದ್ ದಿನ ನಿನ್ ಮ್ಯಾಲೆ ನಾನು ಮಲಗ್ತೀನಿ, ಬುಡು" ಅಂದಳು ಅವಳು. ಮದುವೆಯಾದ ಮೇಲೆ ಗಂಡನಿಗೆ ನೀನು ಅಂದದ್ದು ಅದೇ ಮೊದಲು.

ಬೀದಿಯಲ್ಲಿ ಜನ ಸೇರಿದರು. ಹತ್ತಿರ ಯಾರೂ ಬರಲಿಲ್ಲ. ಅಷ್ಟರಲ್ಲಿ ಜನ ಎರಡು ಹೋಳಾಗಿ ಸರಿದರು. ಬೀರಯ್ಯ ಬರುತ್ತಿದ್ದ. ಗುಡ್ಡದ ಕಡೆ ಹೋಗು ಅಂದರೆ ಹೋಗುವ ಜಾತಿಯಲ್ಲ ಅವನದು. ಫೋನಿನಲ್ಲಿ ಮಚ್ಚು ಅನ್ನುವ ಮಾತು ಕಿವಿಗೆ ಬಿದ್ದದ್ದೇ, ಮಿಕ್ಕಿದ್ದು ಬೀಳಲಿಲ್ಲ. ಕೈಯಲ್ಲಿ ಮರದ ಸೊಪ್ಪು ಕೊಯ್ಯುವ ದೋಟಿ, ಉದ್ದ ಗಳುವಿನ ತುದಿಗೆ ಬಿಗಿದ ಕುಡುಗೋಲು.

ಅಕ್ಕನ ಮುಖದ ರಕ್ತ ನೋಡಿದ. ಜೋತುಬಿದ್ದ ಕೈ ನೋಡಿದ.

"ಏಳಕ್ಕ ಮ್ಯಾಕೆ."

"ಏಳಾಕಿಲ್ಲ."

"ಏಳಕ್ಕ ಅಂದೆ. ನನ್ ಕುರಿ ಸತ್ತಂಗೆ ಸಾಯ್ಲಿ ಇವ್ನು."

"ನಿನ್ ಕುರೀಗೆ ನಾನೂ ಅತ್ತಿವ್ನಿ ಕಣ್ಲಾ. ನನ್ ಹುಳುಗೊಳ್ಗೆ ನೀನು ಅತ್ತೇನ್ಲಾ?"

ಬೀರಯ್ಯನ ಕಿವಿ ಇನ್ನೂ ತೆರೆದಿರಲಿಲ್ಲ. ದೋಟಿ ಬೀಸಿಯೇಬಿಟ್ಟ. ಕುಡುಗೋಲು ಕಂಬಳಿಯ ಹೊರಗೆ ಚಾಚಿದ್ದ ಸ್ವಾಮಿಯ ಒಳ್ಳೆಯ ಕಾಲಿನ ಮೀನಖಂಡಕ್ಕೆ ಇಳಿಯಿತು. ಕಂಬಳಿಯ ಒಳಗಿಂದ ಬಂದ ಕೂಗು ಮನುಷ್ಯನದಲ್ಲ ಅನ್ನಿಸುವಂತಿತ್ತು. ಎರಡನೆಯ ಸಲ ಎತ್ತುವಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಮುಂದಕ್ಕೆ ಬಾಗಿ, ಗಂಡನ ಮೈಯ ಉದ್ದಕ್ಕೂ ಬೋರಲು ಬಿದ್ದಳು.

"ಈಗ ಬೀಸು. ಎಲ್ಲಿ ಬಿದ್ರೂ ನಂಗೆ ಬೀಳ್ತದೆ."

"ಅಕ್ಕ, ಇವ್ನು ನಿನ್ ತೋಳ್ ಸುಟ್ಟೋನು."

"ನನ್ ತೋಳು ನಂಗೆ ಗೊತ್ತಿಲ್ವಾ? ಇವ್ನ್ ಕೈಯಿಂದ ನಿನ್ನ ಉಳುಸ್ಕಳಕ್ಕೆ ಕೈ ಮುರುಸ್ಕಂಡಿವ್ನಿ. ನೀನ್ ಇವನ್ನ ಕಡ್ದು ಜೈಲಿಗೋದ್ರೆ ಯಾರಿಗೆ ಮುರುಸ್ಕಂಡಂಗಾಯ್ತು? ನೀನೂ ನಂಗಿಲ್ಲ ಆಮೇಲೆ."

ಬೀರಯ್ಯ ದೋಟಿ ಎತ್ತಿಕೊಂಡೇ ನಿಂತಿದ್ದ. ಉಸಿರಿಗೆ ಅವನ ಎದೆ ತಿದಿಯಂತೆ ಏಳುತ್ತಿತ್ತು. ಅನು ಅವನ ಹಿಂದಿನಿಂದ ಬಂದು ದೋಟಿಯ ಗಳು ಹಿಡಿದಳು, ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಅವಳ ಮುಂಗೈಯ ರಕ್ತ ಗಳುವಿನ ಮೇಲಿಂದ ಅವನ ಬೆರಳಿಗೆ ಇಳಿಯಿತು.

ಪುಟ್ಟಲಕ್ಷ್ಮಮ್ಮ ನಿಧಾನವಾಗಿ ಎದ್ದು ಮತ್ತೆ ಗಂಡನ ಬೆನ್ನಿನ ಮೇಲೆ ಕೂತಳು. ಹಲ್ಲು, ಒಳ್ಳೆಯ ಕೈ ಎರಡೂ ಸೇರಿಸಿ ಕಂಬಳಿಯ ಅಂಚು ಹರಿದು ಅವನ ಕಾಲಿಗೆ ಬಿಗಿದು ಕಟ್ಟಿದಳು.

"ನಿಂತ್ಕಂಡ್ ಏನ್ ನೋಡ್ತೀಯ? ಇವನು ಕಾಲ್ ಒದೀತಾವ್ನೆ. ಬಂದು ಆ ತುದೀಲಿ ಕೂತ್ಕ. ನಾನೊಬ್ಳೇ ಭಾರ ಸಾಲ್ದು."

ಊರೆಲ್ಲ ನೋಡುತ್ತಿದ್ದ ಹಾಗೇ ಬೀರಯ್ಯ ದೋಟಿಯನ್ನು ಅನುವಿನ ಕೈಗೆ ಬಿಟ್ಟು, ಹೋಗಿ ಭಾವನ ತೊಡೆಗಳ ಮೇಲೆ ಕೂತ. ಅಕ್ಕ ಈ ತುದಿ, ತಮ್ಮ ಆ ತುದಿ, ಮಧ್ಯೆ ಕರಿಕಂಬಳಿ. ಬೀರಯ್ಯ ಮುಖ ಮುಚ್ಚಿಕೊಂಡು ಕುರಿಗಳ ಹೆಸರು ಹಿಡಿದು ಅಳಲು ಶುರು ಮಾಡಿದ. ಒಂದೊಂದು ಕುರಿಗೂ ಅವನ ಹತ್ತಿರ ಒಂದು ಹೆಸರಿತ್ತು. ಕಂಬಳಿಯ ಕೆಳಗಿನಿಂದ ಸ್ವಾಮಿ ಬೈಯುತ್ತಿದ್ದ. ಬರಬರುತ್ತ ಬೈಗುಳ ನರಳಾಟವಾಯಿತು. ಬೋರಲಿಂಗಯ್ಯ ಕಟ್ಟೆಯಿಂದ ಎದ್ದು ಬಂದವನು ನೋಡಿ, ಅನುವಿಗೆ ನೀರು ಕೊಡಿ ಅಂದ.

ಪೊಲೀಸರು ಬರುವತನಕ ಇಬ್ಬರೂ ಏಳಲಿಲ್ಲ.

ಜೀಪಿನಿಂದ ಇಳಿದ ಪೇದೆ ಚರಂಡಿಯಿಂದ ಮಚ್ಚು ಎತ್ತಿಸಿದ, ದೋಟಿ ತೆಗೆದುಕೊಂಡ. ಅನು ಒಳಗಿಂದ ಪಂಚೆ ತಂದು ಬಿಚ್ಚಿ ತೋರಿಸಿದಳು. ಒಂದರ ಕೆಳಗೊಂದು ಸಾಲು ಮಚ್ಚುಗಳನ್ನು ಪೇದೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ಮುದ್ದೆ ಮಾಡಿ ಪ್ಲಾಸ್ಟಿಕ್ ಕವರಿಗೆ ತುರುಕಿದ.

ಹುಬ್ಬಿನ ಗಾಯಕ್ಕೆ ಬಟ್ಟೆ ಒತ್ತಿಕೊಂಡು ಕೂತಿದ್ದ ಪುಟ್ಟಲಕ್ಷ್ಮಮ್ಮ ತಡೆಯಲಾರದೆ, "ಒಸಿ ಮಡಿಸಿ ಮಡುಗಪ್ಪ, ಸುಕ್ಕಾಯ್ತದೆ" ಅಂದಳು.

ಪೇದೆ ಅವಳ ಮುಖ ನೋಡಿದ. ಕವರಿನಿಂದ ಹೊರಗೆ ತೆಗೆದು ಮಡಿಸಿಕೊಂಡ.

ಸ್ವಾಮಿಯ ಮೇಲೆ ಕೇಸು ನಡೆಯುತ್ತಿದೆ. ಬೀರಯ್ಯನ ಮೇಲೂ ಒಂದಿದೆ, ಕಾಲು ಕಡಿದದ್ದಕ್ಕೆ. ಒಂದಷ್ಟು ದಿನ ಅವನೂ ಒಳಗಿದ್ದು ಬಂದ. ಸ್ವಾಮಿ ಜಾಮೀನು ಪಡೆದು ಈಗ ಚನ್ನಪಟ್ಟಣದಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದಾನೆ. ಎರಡೂ ಕಾಲು ಕುಂಟು. ಕೈಲಾಂಚದ ಕಡೆ ಬರಬಾರದು ಅಂತ ಕೋರ್ಟಿನ ಮಾತಿದೆ. ಬರುತ್ತೇನೆ ಅಂತ ಯಾರ್ಯಾರ ಬಾಯಲ್ಲೋ ಹೇಳಿ ಕಳಿಸುತ್ತಾನೆ. ಪುಟ್ಟಲಕ್ಷ್ಮಮ್ಮ ಬಾಗಿಲಿಗೆ ಒಳಗಡೆಯಿಂದ ಹೊಸ ಅಗುಳಿ ಹಾಕಿಸಿದ್ದಾಳೆ, ಮಾರಮ್ಮನ ಒನಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿದ್ದಾಳೆ. ಇಸ್ತ್ರಿ ಪೆಟ್ಟಿಗೆ ಮತ್ತೆ ಹೋಗಿ ಮಂಕರಿಯ ಮೇಲೆ ಕೂತಿದೆ.

ಅವಳ ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ತಟ್ಟುವುದು, ಮಡಿಸುವುದು ಆಗುತ್ತದೆ, ಬಿಗಿ ಹಿಡಿದು ಜಗ್ಗುವುದು ಆಗುವುದಿಲ್ಲ. ಅನುವಿಗೆ ಭಾನುವಾರವೂ ಕೆಲಸವಿದ್ದರೆ ಬೀರಯ್ಯ ಬರುತ್ತಾನೆ. ಅಕ್ಕ ಆ ದಿನ ಹುಳುಗಳ ಬಗ್ಗೆ ಕೇಳಿದ್ದಕ್ಕೆ ಅವನು ಇವತ್ತಿಗೂ ಬಾಯಲ್ಲಿ ಉತ್ತರ ಕೊಟ್ಟಿಲ್ಲ. ಬಂದವನು ಮೊದಲು ತೋಟಕ್ಕೆ ಹೋಗಿ ಒಂದು ಹೊರೆ ಸೊಪ್ಪು ಕೊಯ್ದು ತಂದು ಹುಳುಮನೆ ಮುಂದೆ ಹಾಕುತ್ತಾನೆ. ಆಮೇಲೆ ಸೀರೆಯ ತುದಿ ಹಿಡಿಯುತ್ತಾನೆ. ಅಕ್ಕ ತನ್ನ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುತ್ತಾಳೆ.

"ನಿದಾನಕ್ಕೆ ಕಣ್ಲಾ. ಕುರಿ ಎಳ್ದಂಗೆ ಎಳೀಬ್ಯಾಡ, ಅರ್ದೋಯ್ತದೆ."

"ನೀನೇ ತಾನೆ ಬಿಗಿಯಾಗ್ ಅಂದಿದ್ದು?"

"ಬಿಗಿಯಾಗ್ ಇಡ್ಕ ಅಂದೆ. ಸಿಟ್ಟು ಮಾಡ್ಕ ಅಂದ್ನಾ? ಹೂಂ."

ಪಟ್.